ಶೆಡ್ ನಾವೇ ಹಾಕುವುದಾ, ಜನ ಕರೆಯುವುದಾ?

ಮಾರ್ಚ್ ಬಂತೆಂದರೆ ನಮ್ಮ ಅಂಗಡಿಗೆ ಅಕ್ಕಿ, ಸಕ್ಕರೆಗೆ ಬಂದವರು ಶೆಡ್ಡಿನ ಸುದ್ದಿಯನ್ನೂ ಎತ್ತುತ್ತಾರೆ. ಗಲ್ಫಿನಲ್ಲಿರುವ ಮಗ ಕಾರು ತೆಗೆದುಕೊಟ್ಟಿದ್ದಾನೆ, ಅಂಗಳದಲ್ಲಿ ತೆಂಗಿನಮರ ಉಂಟು, ಪತ್ತನಾಜೆಯ ಒಳಗೆ ಒಂದು ಶೀಟಿನ ಮಾಡು ಆಗಬೇಕು. "ನೀನು ಮೆಕ್ಯಾನಿಕಲ್ ಕಲಿತವನಲ್ಲವಾ, ನಾವೇ ಹಾಕಿದರೆ ಎಷ್ಟು ಉಳಿಯಬಹುದು?"

ಕೂಲಿ ಖಂಡಿತ ಉಳಿಯುತ್ತದೆ. ಆದರೆ ನಾನು ಮೊದಲು ಕೇಳುವುದು ಬೇರೆ: ನಿಮ್ಮ ಶೆಡ್ ಬೀಳುತ್ತದೆಯೋ, ಹಾರುತ್ತದೆಯೋ?

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಡಿಪ್ಲೊಮಾ ಮುಗಿಸಿದ ಹುರುಪಿನಲ್ಲಿ ಅಂಗಡಿಯ ಹಿಂದೆ ಉಪ್ಪನ ಗಾಡಿಗೆ ಒಂದು ಶೆಡ್ ಕಟ್ಟಿದೆ. ವೆಲ್ಡಿಂಗ್ ನನ್ನದೇ, ನೋಡಲು ಚೆಂದವೇ ಇತ್ತು. ಕಂಬಗಳನ್ನು ಮಾತ್ರ ಇದ್ದ ಸಿಮೆಂಟ್ ನೆಲಕ್ಕೇ ಸಣ್ಣ ಬೋಲ್ಟ್ ಹೊಡೆದು ನಿಲ್ಲಿಸಿದ್ದೆ. ಜೂನ್ ಮೊದಲ ವಾರ ಒಂದು ರಾತ್ರಿ ಗಾಳಿ ಬಂತು. ಬೆಳಿಗ್ಗೆ ನೋಡಿದರೆ ಒಂದು ಬದಿಯ ಕಂಬಗಳು ಬೋಲ್ಟ್ ಸಮೇತ ಎದ್ದು ನಿಂತಿವೆ, ಎರಡು ಶೀಟು ಪಕ್ಕದ ಮನೆಯ ಬಾವಿಕಟ್ಟೆಯ ಹತ್ತಿರ. ಹಿಂದಿನ ಸಂಜೆ ಅದೇ ಜಾಗದಲ್ಲಿ ಮಕ್ಕಳು ಆಡುತ್ತಿದ್ದರು. ಉಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮಂಗಳೂರಿಗೂ ಕೋಝಿಕ್ಕೋಡಿಗೂ ಭಾರತೀಯ ಮಾನಕ ಐಎಸ್ 875 ಕೊಡುವ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ನಾವು ಆ ಎರಡರ ನಡುವೆ. ಆ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 93 ಕೆ.ಜಿ. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಾಡೆಂದರೆ 18.6 ಚದರ ಮೀಟರ್. ಒತ್ತಡದ ಅರ್ಧ ಮಾತ್ರ ಮಾಡನ್ನು ಮೇಲಕ್ಕೆ ಎತ್ತುತ್ತದೆ ಎಂದು ಹಿಡಿದರೂ 860 ಕೆ.ಜಿ. ಆಯಿತು. ಪೈಪು, ಶೀಟು ಎಲ್ಲ ಸೇರಿ ಅಂತಹ ಶೆಡ್ಡಿನ ತೂಕ 300 ಕೆ.ಜಿ.ಯ ಆಸುಪಾಸು. ಉಳಿದದ್ದನ್ನು ಹಿಡಿದುಕೊಳ್ಳುವವರು ಯಾರು? ನೆಲದೊಳಗಿನ ಕಾಂಕ್ರೀಟು. ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ತುಂಬಿದರೆ ಸುಮಾರು 300 ಕೆ.ಜಿ.; ಆರು ಕಂಬಕ್ಕೆ 1,800. ಕಂಬದ ಬುಡದ ಪ್ಲೇಟು ಅದಕ್ಕೆ ಸರಿಯಾಗಿ ಕಚ್ಚಿಕೊಂಡಿರಬೇಕು. ನಮ್ಮ ಕೆಂಪು ಮುರಕಲ್ಲಿನ ನೆಲದಲ್ಲಿ ಆರು ಗುಂಡಿ ತೋಡುವುದು ತಮಾಷೆಯಲ್ಲ. ನನ್ನಂಥವರು ಮೋಸ ಮಾಡುವುದೇ ಅಲ್ಲಿ, ಒಂದು ಅಡಿಗೇ ಸಾಕು ಎನ್ನುತ್ತೇವೆ.

ಹಾಗಾದರೆ ಜನಕ್ಕೆ ಗುತ್ತಿಗೆ ಕೊಟ್ಟು ಮಲಗಬಹುದಾ? ಅದೂ ಇಲ್ಲ. ನನ್ನ ಭಾವ ಪೂರ್ತಿ ಕೆಲಸವನ್ನು ಒಂದು ತಂಡಕ್ಕೆ ಕೊಟ್ಟರು. ಅವರು ಇದ್ದದ್ದು ಶಾರ್ಜಾದಲ್ಲಿ, ನೋಡಿದ್ದೆಲ್ಲ ವಾಟ್ಸಾಪ್ ಫೋಟೊ. ಎರಡು ಇಂಚು ಚೌಕದ, 2 ಮಿ.ಮೀ. ದಪ್ಪದ ಪೈಪು ಎಂದು ಮಾತು. ನನಗೆ ಸಂಶಯ ಬಂದು ಒಂದು ಉದ್ದ ಪೈಪನ್ನು ಅಂಗಡಿಗೆ ತಂದು, ಅಕ್ಕಿ ಗೋಣಿ ತೂಗುವ ತಕ್ಕಡಿಯ ಮೇಲೆ ನಡು ಸರಿದೂಗಿಸಿ ಇಟ್ಟೆ. ಆರು ಮೀಟರ್ ಪೈಪು 18 ಕೆ.ಜಿ. ಇರಬೇಕು, ಇದ್ದದ್ದು ಹದಿನಾಲ್ಕೂವರೆ. ಅಂದರೆ 1.6 ಮಿ.ಮೀ. ಮೇಲೆ ಬಣ್ಣ ಬಳಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯವನ ಮಗನಾದದ್ದಕ್ಕೆ ಆ ದಿನ ಖುಷಿಯಾಯಿತು, ಡಿಪ್ಲೊಮಾಕ್ಕಿಂತ ತಕ್ಕಡಿ ಉಪಕಾರಕ್ಕೆ ಬಂತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸಾಮಾನು ನೀವೇ ಹೋಗಿ, ತೂಗಿಸಿ ತನ್ನಿ. ಗುಂಡಿಯ ಆಳವನ್ನು ಕಾಂಕ್ರೀಟ್ ಹಾಕುವ ಮೊದಲು ನೀವೇ ಟೇಪು ಹಿಡಿದು ಅಳೆಯಿರಿ. ಕತ್ತರಿಸುವುದು, ಉಜ್ಜುವುದು, ಪ್ರೈಮರ್ ಬಳಿಯುವುದು ನೆಲದ ಮೇಲಿನ ಕೆಲಸ, ಮನೆಯ ಹುಡುಗರು ಮಾಡಲಿ. ಜಿಐ ಪೈಪು ವೆಲ್ಡ್ ಮಾಡುವುದಾದರೆ ಗಾಳಿ ಆಡುವ ಜಾಗದಲ್ಲೇ ಮಾಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹಾಲು ಕುಡಿದರೆ ಸರಿಯಾಗುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಮೇಲೆ ಹತ್ತುವ ಕೆಲಸ ಮಾತ್ರ ದಿನಾ ಹತ್ತುವವರಿಗೇ ಕೊಡಿ. ಅವರಿಗೂ ಬೆಲ್ಟು ಕೊಡಿ. ಬಂಗಾಳದಿಂದ ಬಂದ ಹುಡುಗ ಬಿದ್ದರೂ ಅವನಿಗೊಬ್ಬಳು ಉಮ್ಮ ಇದ್ದಾಳೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನಮ್ಮಲ್ಲಿ ಜುಬೈಲಿನಲ್ಲಿ, ಅಬುಧಾಬಿಯಲ್ಲಿ ಇಪ್ಪತ್ತು ವರ್ಷ ಪೈಪು ವೆಲ್ಡ್ ಮಾಡಿ ಬಂದ ಮಾಮಂದಿರು ಎಷ್ಟು ಜನ ಇಲ್ಲ! ಊರಿಗೆ ಬಂದು ಬಿಳಿ ಮುಂಡು ಉಟ್ಟ ಮೇಲೆ ಹೋಲ್ಡರ್ ಹಿಡಿಯಲು ನಾಚಿಕೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ತಪ್ಪು ವೆಲ್ಡನ್ನು ಕಣ್ಣಾರೆ ನೋಡುತ್ತಾ, "ಅವರು ಮಾಡಲಿ ಬಿಡು" ಎನ್ನುತ್ತಾರೆ. ಪಾಸ್‌ಪೋರ್ಟಿನಲ್ಲಿ ವೆಲ್ಡರ್ ಎಂದಿದ್ದದ್ದನ್ನು ಮದುವೆ ಮಾತುಕತೆಯಲ್ಲಿ "ಕಂಪೆನಿ" ಎಂದು ಹೇಳಿದವರು ನಾವೇ ತಾನೇ. ಆ ಕೈಯ ಕೆಲಸದಿಂದಲೇ ಆ ಮನೆ ಎದ್ದದ್ದು.

ಈ ಸಲ ಭಾವನ ಶೆಡ್ ಬಿಚ್ಚಿ ಹೊಸದಾಗಿ ಹಾಕುತ್ತಿದ್ದೇವೆ. ಅಂಥ ಒಬ್ಬ ಮಾಮನನ್ನು ಬಹಳ ಒತ್ತಾಯ ಮಾಡಿ ಕರೆದೆ. ಮೊದಲ ದಿನ ಬರೀ ನೋಡಿದರು. ಎರಡನೆಯ ದಿನ ಮುಂಡು ಮಡಚಿ ಕಟ್ಟಿ, ಹುಡುಗನ ಕೈಯಿಂದ ಹೋಲ್ಡರ್ ತೆಗೆದುಕೊಂಡು, "ಕಣ್ಣಿಗೆ ಗ್ಲಾಸ್ ಎಲ್ಲಿ?" ಎಂದು ಕೇಳಿದರು.