ಟಂಡ್ರಾ ಪಾಠದಲ್ಲಿ ಹೇಳದೆ ಉಳಿದದ್ದು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ನೆನಪುಗಳನ್ನೇ ಬರೆಯೋಣವೆಂದು ಮೊದಲು ಎಣಿಸಿದ್ದೆ. ಆದರೆ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ನನಗಿರುವುದು ಹಳೆಯ ಬಾಕಿಯೊಂದು. ಅದನ್ನು ಇಲ್ಲಿ ತೀರಿಸಲು ಓದುಗರ ಅಪ್ಪಣೆಯಿರಲಿ.

ಸಮಾಜ ವಿಜ್ಞಾನದ ಅಧ್ಯಾಪಕನಾಗಿ ನಾನು ವರ್ಷ ವರ್ಷವೂ ಟಂಡ್ರಾ ಪ್ರದೇಶದ ಪಾಠ ಮಾಡಿದವನು. ಅಲ್ಲಿ 'ಲ್ಯಾಪ್' ಎಂಬ ಜನರಿದ್ದಾರೆ, ಚರ್ಮದ ಡೇರೆಗಳಲ್ಲಿ ವಾಸಿಸುತ್ತಾರೆ, ಹಿಮಸಾರಂಗಗಳನ್ನು ಸಾಕುತ್ತಾ ಅಲೆಯುತ್ತಾರೆ. ಇಷ್ಟರಲ್ಲಿ ಪಾಠ ಮುಗಿಯುತ್ತಿತ್ತು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಒಂದು ಮಳೆಗಾಲದ ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಮಾಷ್ಟ್ರೇ, ಆ ಮಕ್ಕಳಿಗೆ ಶಾಲೆ ಉಂಟಾ? ಉಂಟಾದರೆ ಯಾವ ಭಾಷೆಯಲ್ಲಿ ಕಲಿಯುವುದು?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಆ ಮಂಜಿನಲ್ಲಿ ಎಂಥ ಶಾಲೆ ಮಾರಾಯ, ಕೂತುಕೋ" ಎಂದು ಗದರಿಸಿದೆ. ತರಗತಿ ನಕ್ಕಿತು. ಅವನು ಕುಳಿತ.

ನಿವೃತ್ತಿಯ ಬಳಿಕ ದೊರೆತ ಬಿಡುವಿನಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದೆ. ಆ ನಾಡನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ನಾನು ಹೇಳಿಕೊಟ್ಟ ನಾಲ್ಕು ವಾಕ್ಯಗಳಲ್ಲಿ ಎಷ್ಟು ತಪ್ಪಿದ್ದವೆಂಬುದು ಈಗ ತಿಳಿದಿದೆ. 'ಲ್ಯಾಪ್' ಎಂಬ ಹೆಸರನ್ನೇ ಆ ಜನರು ಅವಮಾನವೆಂದು ಎಣಿಸುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ಸಾಮಿ ಎಂದು. ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯಾ ಎಂಬ ನಾಲ್ಕು ದೇಶಗಳ ಗಡಿಗಳು ಅವರ ನಾಡನ್ನು ಸೀಳಿಕೊಂಡು ಹೋಗಿವೆ. 1852ರಲ್ಲಿ ನಾರ್ವೆಗೂ ಅಂದು ರಷ್ಯಾದ ಆಧಿಪತ್ಯದಲ್ಲಿದ್ದ ಫಿನ್ಲೆಂಡಿಗೂ ನಡುವಿನ ಗಡಿಯನ್ನು ಮುಚ್ಚಿದಾಗ, ತಲೆತಲಾಂತರದಿಂದ ಹಿಂಡುಗಳು ನಡೆಯುತ್ತಿದ್ದ ದಾರಿಯೇ ಕಡಿದುಹೋಯಿತು. 1956ರ ನವೆಂಬರ್ 1ರಂದು ಮನೆಯಂಗಳದಲ್ಲಿ ಕುಳಿತಿದ್ದಂತೆಯೇ ಬೇರೆ ರಾಜ್ಯದವರಾಗಿಬಿಟ್ಟ ಕಾಸರಗೋಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಹೇಳಹೊರಟಿರುವುದು ನಾರ್ವೆಯ ಉತ್ತರ ತುದಿಯ ಕೌಟೊಕೈನೊ ಎಂಬ ಸಣ್ಣ ಪಟ್ಟಣದ ಸಂಗತಿ. ಸಾಮಿ ಭಾಷೆಯಲ್ಲಿ ಅದರ ಹೆಸರು ಗುವೊವ್ದಗೆಯಾಯ್ನು; ನಡುದಾರಿ ಎಂದು ಅರ್ಥ. ಅದರ ಆಡಳಿತ ವ್ಯಾಪ್ತಿ ಸುಮಾರು 9,700 ಚದರ ಕಿಲೋಮೀಟರ್, ಎಂದರೆ ನಮ್ಮ ಕಾಸರಗೋಡು ಜಿಲ್ಲೆಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಜನಸಂಖ್ಯೆಯಾದರೋ 3,000ಕ್ಕೂ ಕಡಮೆ. ನವೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ಅಲ್ಲಿ ಸೂರ್ಯ ಮೂಡುವುದೇ ಇಲ್ಲ. ನಡುಹಗಲಲ್ಲಿ ಒಂದೆರಡು ತಾಸು ನೀಲಿಯ ಮಬ್ಬುಬೆಳಕು ಮಾತ್ರ. ಮೇ ಕೊನೆಯಿಂದ ಜುಲೈವರೆಗೆ ಅದೇ ಸೂರ್ಯ ಮುಳುಗುವುದಿಲ್ಲ. ಚಳಿಗಾಲದಲ್ಲಿ ಉಷ್ಣಮಾಪಕ ಶೂನ್ಯಕ್ಕಿಂತ 40 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಆ ಪ್ರಾಂತವನ್ನೆಲ್ಲ ಸುಟ್ಟುಹಾಕಿದ್ದರಿಂದ ಅಲ್ಲಿ ಹಳೆಯ ಮನೆಗಳು ತೀರ ವಿರಳ. ಈಗಿನವು ಮರದ ಸಾಧಾರಣ ಮನೆಗಳು, ಅಂಗಳದಲ್ಲಿ ಹಿಮದ ಮೇಲೆ ಓಡುವ ಮೋಟಾರು ವಾಹನ. ಡೇರೆಯೂ ಉಂಟು, ಆದರೆ ಅದು ಹಿಂಡಿನ ಜೊತೆ ಹೋಗುವಾಗಿನ ಬಿಡಾರ.

ಎಲ್ಲರೂ ಹಿಮಸಾರಂಗ ಸಾಕುವವರಲ್ಲ. ಅಧ್ಯಾಪಕರು, ದಾದಿಯರು, ಅಂಗಡಿಕಾರರೂ ಇದ್ದಾರೆ. ಆದರೂ ಊರಿನ ಪಂಚಾಂಗವನ್ನು ಬರೆಯುವುದು ಹಿಂಡುಗಳೇ. ಚಳಿಗಾಲದಲ್ಲಿ ಅವು ಒಳನಾಡಿನ ಪ್ರಸ್ಥಭೂಮಿಯಲ್ಲಿ ಹಿಮವನ್ನು ಗೊರಸಿನಿಂದ ಕೆದಕಿ ಕಲ್ಲುಹೂವಿನಂಥ ಸಸ್ಯವನ್ನು ತಿನ್ನುತ್ತವೆ. ವಸಂತದಲ್ಲಿ ಕಡಲತಡಿಯ ಕಡೆಗೆ ನಡೆಯುತ್ತವೆ. ಗಬ್ಬದ ಹೆಣ್ಣುಗಳು ಹೊರಡುವ ಮುನ್ನ, ಕುಟುಂಬಗಳೆಲ್ಲ ಇನ್ನೂ ಊರಲ್ಲಿರುವಾಗ ಬರುವ ಹಬ್ಬ ಈಸ್ಟರ್. ಆದುದರಿಂದಲೇ ಮದುವೆಗಳು, ಮಕ್ಕಳ ದೀಕ್ಷಾಸ್ನಾನಗಳು, ಸಂತೆ, ಯೋಯ್ಕ್ ಎಂಬ ಅವರ ಗಾಯನದ ಸ್ಪರ್ಧೆ, ಹಿಮಸಾರಂಗಗಳ ಹಿಂದೆ ಹಿಮದ ಮೇಲೆ ಜಾರುತ್ತಾ ಓಡುವ ಪಂದ್ಯ, ಎಲ್ಲವೂ ಆಗಲೇ. ಬಳಿಕ ಊರು ಬರಿದಾಗುತ್ತದೆ. ಪತ್ತನಾಜೆಗೆ ಮೊದಲು ಕೋಲ, ಆಟ, ಜಾತ್ರೆಗಳನ್ನೆಲ್ಲ ಮುಗಿಸಿ ಗೆಜ್ಜೆ ಬಿಚ್ಚಿಡುವ ತುಳುನಾಡಿನವರಿಗೆ ಈ ಲೆಕ್ಕಾಚಾರ ಕೂಡಲೇ ಅರ್ಥವಾದೀತು.

ಮದುವೆಗೆ ನೂರಾರು ಮಂದಿ ಸೇರುತ್ತಾರೆ. ಹಿಮಸಾರಂಗದ ಮಾಂಸ, ಬಟಾಟೆ, ಗಜ್ಜರಿಗಳನ್ನು ಒಟ್ಟಿಗೆ ಬೇಯಿಸಿದ ಬಿದೋಸ್ ಎಂಬ ಸಾರು ಎಲ್ಲರಿಗೂ. ಉಡುವುದು ಗಾಕ್ತಿ ಎಂಬ ಅಂಗಿ. ಅದರ ಪಟ್ಟಿಗಳನ್ನೂ ಹೊಲಿಗೆಯನ್ನೂ ನೋಡಿ ತೊಟ್ಟವರು ಯಾವ ಸೀಮೆಯವರೆಂದು ಬಲ್ಲವರು ಹೇಳಬಲ್ಲರು. ಆ ಜನರ ಶಿಷ್ಟಾಚಾರವೊಂದನ್ನು ಇಲ್ಲಿ ಹೇಳದಿರಲಾರೆ. ನಿಮ್ಮಲ್ಲಿ ಎಷ್ಟು ಹಿಮಸಾರಂಗಗಳಿವೆ ಎಂದು ಯಾರನ್ನೂ ಕೇಳಕೂಡದು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಷ್ಟೇ ಅಸಭ್ಯ. ಮದುವೆ ಚಪ್ಪರದಲ್ಲೇ "ಈ ಸಲ ಅಡಕೆ ಎಷ್ಟು ಖಂಡಿ?" ಎಂದು ಕೇಳುವ ನಾವು ಕಲಿಯತಕ್ಕ ಸಂಯಮ.

ಪ್ರತಿಯೊಬ್ಬ ಒಡೆಯನಿಗೂ ಅವನದೇ ಕಿವಿಗುರುತು ಇರುತ್ತದೆ. ಮರಿಗಳ ಕಿವಿಯಂಚಿನಲ್ಲಿ ಚಾಕುವಿನಿಂದ ಕೊರೆಯುವ ಕಚ್ಚುಗಳ ಜೋಡಣೆ ಅದು. ಮನೆಯ ಮಕ್ಕಳಿಗೂ ಸ್ವಂತ ಗುರುತು ಕೊಡುವುದುಂಟು. ಓಡುತ್ತಿರುವ ಹಿಂಡಿನಲ್ಲಿ ಕಿವಿಗಳನ್ನು ಓದುವುದು ಅವರ ಮೊದಲ ಅಕ್ಷರಾಭ್ಯಾಸವೆನ್ನಬಹುದು. ಹಿಮಕ್ಕಂತೂ ಹೆಸರುಗಳ ರಾಶಿಯೇ ಇದೆ. ತಳದಲ್ಲಿ ಹರಳುಹರಳಾಗಿ ಸಡಿಲವಾಗಿರುವ ಹಿಮ ಸೆಯಙಾಶ್; ಅದನ್ನು ಕೆದಕುವುದು ಪ್ರಾಣಿಗೆ ಸುಲಭ. ಮೇವಿನ ಮೇಲೆ ಗಡ್ಡೆಗಟ್ಟಿದ ಮಂಜುಗಡ್ಡೆ ಚುವೊಹ್ಕಿ. ಅದು ಬಂದರೆ ಹಸಿವು ಖಂಡಿತ. ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ನಡುಚಳಿಗಾಲದಲ್ಲಿ ಮಳೆ ಸುರಿದು, ಒಡನೆ ಹೆಪ್ಪುಗಟ್ಟಿ, ಈ ಎರಡನೆಯ ಮಾತಿಗೆ ಕೆಲಸ ಹೆಚ್ಚಾಗಿದೆ. ಇವು ಕೋಶದಲ್ಲಿ ಮಲಗಿರುವ ಶಬ್ದಗಳಲ್ಲ. ಇಂದು ಹಿಂಡನ್ನು ಎತ್ತ ಒಯ್ಯಬೇಕೆಂದು ತಂದೆ ಮಗಳಿಗೆ ಹೇಳಲು ಬೇಕಾದವು. ನಮ್ಮ ಅಡಕೆಯ ಚಾಲಿ, ಪಟೋರ, ಉಳ್ಳಿ, ಕರಿಗೋಟುಗಳ ಹಾಗೆ.

ಇನ್ನು ಶಾಲೆಯ ವಿಷಯ. ಶಾಲೆ ಇತ್ತು, ಹುಡುಗನಿಗೆ ನಾನು ಹೇಳಿದ್ದು ಸುಳ್ಳು. ಆದರೆ ಅದು ಎಂಥ ಶಾಲೆ! 1898ರ ಸರಕಾರಿ ಆದೇಶದಂತೆ ಪಾಠವೆಲ್ಲ ನಾರ್ವೇಜಿಯನ್ ಭಾಷೆಯಲ್ಲೇ ನಡೆಯಬೇಕು, ಅನಿವಾರ್ಯವಾದಲ್ಲಿ ಮಾತ್ರ ಸಾಮಿ ಪದಗಳ ನೆರವು ಪಡೆಯಬಹುದು. 1902ರ ಕಾನೂನು ಆ ಪ್ರಾಂತದ ಸರಕಾರಿ ಭೂಮಿಯನ್ನು ಕೊಳ್ಳಬೇಕಾದವನಿಗೆ ನಾರ್ವೇಜಿಯನ್ ಭಾಷೆ ಬರಬೇಕೆಂದು ವಿಧಿಸಿತು. ಏಳು ವರ್ಷದ ಮಕ್ಕಳು ಮನೆ ಬಿಟ್ಟು ವಸತಿಶಾಲೆ ಸೇರಿ, ಒಂದು ಮಾತೂ ತಿಳಿಯದ ಭಾಷೆಯಲ್ಲಿ ವರ್ಷಗಟ್ಟಲೆ ಕುಳಿತರು. ಸಾಮಿಯಲ್ಲಿ ಕಲಿಸಲು ಕಾನೂನು ಅವಕಾಶವಿತ್ತದ್ದು 1959ರಲ್ಲಿ. ಮಕ್ಕಳಿಗೆ ಅಕ್ಷರಾಭ್ಯಾಸ ಆ ಭಾಷೆಯಲ್ಲಿ ಆರಂಭವಾದದ್ದು 1967ರಲ್ಲಿ.

ಬಳಿಕ ಬಂದವುಗಳನ್ನು ಬೇಗನೆ ಹೇಳಿಬಿಡುತ್ತೇನೆ. 1973ರಲ್ಲಿ ಕೌಟೊಕೈನೊದಲ್ಲಿ ಸಾಮಿ ಸಂಶೋಧನ ಸಂಸ್ಥೆ. 1979ರಲ್ಲಿ ಮೂರು ದೇಶಗಳಿಗೂ ಒಂದೇ ಆದ ಉತ್ತರ ಸಾಮಿ ಬರೆವಣಿಗೆಯ ಪದ್ಧತಿ. ಆಲ್ಟಾ ನದಿಯ ಅಣೆಕಟ್ಟಿನ ವಿರುದ್ಧ ನಡೆದ ದೊಡ್ಡ ಹೋರಾಟದ ಬಳಿಕ 1989ರಲ್ಲಿ ಸಾಮಿ ಸಂಸತ್ತು. ಅದೇ ವರ್ಷ ಕೌಟೊಕೈನೊದಲ್ಲೇ ಸಾಮಿ ಮಾಧ್ಯಮದ ಉನ್ನತ ಶಿಕ್ಷಣ ಕಾಲೇಜು. 2024ರ ನವೆಂಬರಿನಲ್ಲಿ ನಾರ್ವೆಯ ಸಂಸತ್ತು ಹಿಂದಿನ ಭಾಷಾನೀತಿಗಾಗಿ ಕ್ಷಮೆ ಯಾಚಿಸಿತು.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಕಾನೂನುಗಳ ಪಟ್ಟಿಯಲ್ಲ. ಅದೇ ಆದೇಶ, ಅದೇ ವಸತಿಶಾಲೆ, ಅದೇ ಅವಮಾನ ಕಡಲತಡಿಯ ಸಾಮಿಗಳಿಗೂ ಇದ್ದವು. ಅಲ್ಲಿ ಎಷ್ಟೋ ಊರುಗಳಲ್ಲಿ ಒಂದೆರಡು ತಲೆಮಾರುಗಳಲ್ಲೇ ಭಾಷೆ ಅಳಿಸಿಹೋಯಿತು. ಕೌಟೊಕೈನೊದಲ್ಲಿ ಇಂದಿಗೂ ಬಹುತೇಕ ಜನರ ಮಾತು ಸಾಮಿಯೇ. ಏಕೆ? ಸಾಮಿಗಳೇ ಬಹುಸಂಖ್ಯೆಯಲ್ಲಿದ್ದುದು ನಿಜ, ಊರು ದೂರವಿದ್ದುದೂ ನಿಜ. ಆದರೆ ಮುಖ್ಯ ಕಾರಣ ಬೇರೆಯೆಂದು ನನ್ನ ಅಭಿಪ್ರಾಯ. ಮಗು ವಸತಿಶಾಲೆಯಿಂದ ಮರಳಿ ಬಂದಾಗ ಅದರ ಮುಂದೆ ಕೆಲಸವಿತ್ತು, ಆ ಕೆಲಸಕ್ಕೆ ಸಾಮಿಯ ಹೊರತು ಬೇರೆ ಭಾಷೆ ಇರಲಿಲ್ಲ. ಮಂಜಿನ ಹೆಸರು, ಕಿವಿಯ ಗುರುತು, ಅಂಗಿಯ ಹೊಲಿಗೆ, ಮದುವೆಯ ಹಾಡು ಒಂದನ್ನೂ ನಾರ್ವೇಜಿಯನ್ನಿನಲ್ಲಿ ಹೇಳುವಂತಿರಲಿಲ್ಲ. ಕಡಲತಡಿಯಲ್ಲಾದರೋ ಮೀನಿನ ವ್ಯಾಪಾರ, ನೆರೆಹೊರೆ, ಲೆಕ್ಕಪತ್ರಗಳೆಲ್ಲ ಆಳುವವರ ಭಾಷೆಗೆ ಹೊರಳಿದ್ದವು. ಶಾಲೆ ಕೊನೆಯ ಏಟನ್ನು ಮಾತ್ರ ಕೊಟ್ಟಿತು.

ಈ ಮಾತನ್ನು ಕನ್ನಡ ಶಾಲೆಯೊಂದರ ಸಂಚಿಕೆಯಲ್ಲಿ ಬರೆಯುವಾಗ ಕೆಲವರಿಗೆ ಬೇಸರವಾಗಬಹುದು. ಐವತ್ತು ವರ್ಷ ಕನ್ನಡವನ್ನು ಕಾಯುವ ಹೊರೆಯನ್ನೆಲ್ಲ ನಾವು ಶಾಲೆಯ ಹೆಗಲಿಗೆ ಹೊರಿಸಿದೆವು. ಮಕ್ಕಳು ಕಡಮೆಯಾದಾಗ ಸರಕಾರವನ್ನು ದೂರಿದೆವು. ದೂರಲು ಕಾರಣಗಳೂ ಇದ್ದವು, ಅವುಗಳಿಗಾಗಿ ಬೀದಿಗಿಳಿದವರಲ್ಲಿ ನಾನೂ ಒಬ್ಬ. ಆದರೆ ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ ಇತ್ಯಾದಿ. ಕನ್ನಡ ನಮಗೆ ಓದುಬರೆಹದ, ಅಂಗಡಿಯ ಲೆಕ್ಕದ, ದೇವಸ್ಥಾನದ ಜಾಹೀರಾತಿನ, ತಾಳಮದ್ದಳೆಯ ಭಾಷೆಯಾಗಿತ್ತು. ಆ ಲೆಕ್ಕ ಈಗ ಯಾವ ಭಾಷೆಯಲ್ಲಿದೆ? ಕಳೆದ ವರ್ಷ ನನಗೆ ಬಂದ ಮದುವೆಯ ಕರೆಯೋಲೆಗಳನ್ನು ಎಣಿಸಿ ನೋಡಿದೆ. ಇದೇ ಶಾಲೆಯಲ್ಲಿ ಕಲಿತವರ ಮನೆಗಳಿಂದ ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಗ್ಲಿಷಿನಲ್ಲಿದ್ದವು. ಅದರಲ್ಲೊಂದು ನನ್ನ ಮೊಮ್ಮಗಳದು. ಕರಡು ತೋರಿಸಿದಾಗ ನಾನೂ ತುಟಿ ಬಿಚ್ಚಲಿಲ್ಲ.

ಆ ಹುಡುಗ ಈಗ ಗಲ್ಫಿನಲ್ಲಿದ್ದಾನೆಂದು ಕೇಳಿದ್ದೇನೆ, ತಲೆ ನರೆತಿರಬೇಕು. ಈ ಸಂಚಿಕೆ ಅವನ ಕೈಸೇರಿದರೆ ಅವನ ಪ್ರಶ್ನೆಗೆ ಉತ್ತರ ಇದು: ಶಾಲೆ ಉಂಟಪ್ಪ. ಈಗ ಅವರದೇ ಭಾಷೆಯಲ್ಲಿ ಕಲಿಯುತ್ತಾರೆ. 2024ರಲ್ಲಿ ಕೌಟೊಕೈನೊದಲ್ಲಿ ಹೊಸ ಕಟ್ಟಡವೊಂದು ತೆರೆಯಿತು. ಹೆಸರು ಚೊವಾರ್ವೆಮಾತ್ತ, ಹಿಮಸಾರಂಗದ ಕೊಂಬಿನ ಬುಡದ ಅತ್ಯಂತ ಗಟ್ಟಿಯಾದ ಭಾಗ. ಅದರೊಳಗೆ ಪ್ರೌಢಶಾಲೆ, ಹಿಮಸಾರಂಗ ಸಾಕಣೆಯ ತರಗತಿ ಮತ್ತು ಸಾಮಿ ನಾಟಕಶಾಲೆ, ಮೂರೂ ಒಂದೇ ಸೂರಿನಡಿ ಇವೆ.