ಸೆರೆಮನೆಯ ಬಾಗಿಲು ಮತ್ತು ಶಾಸನಸಭೆ

‘ಸೆರೆ’ ಎಂಬ ಮಾತಿಗೆ ಹಿಡಿಯುವುದು, ಬಂಧಿಸುವುದು ಎಂಬರ್ಥ ಉಂಟೇ ಹೊರತು ಹಿಂಸಿಸುವುದು ಎಂಬರ್ಥವಿಲ್ಲ. ಭಾಷೆ ಕೊಡದ ಈ ಅರ್ಥವನ್ನು ನಮ್ಮ ನಡೆವಳಿಕೆ ಸೇರಿಸಿಕೊಂಡಿದೆ. ಠಾಣೆಗೆ ಹೋದವನು ಪೆಟ್ಟು ತಿನ್ನದೆ ಬರುತ್ತಾನೆಯೇ ಎಂದು ನಮ್ಮ ಚೌಡಾಪುರದ ಕಟ್ಟೆಯ ಮೇಲೆ ಜನ ಆಡಿಕೊಳ್ಳುವಾಗ, ಕನ್ನಡ ಪಾಠ ಹೇಳುವ ನನಗೆ ಆ ಮಾತಿನ ಸಹಜತೆಯೇ ಭಯವನ್ನುಂಟುಮಾಡುತ್ತದೆ.

೧೯೭೫ರ ಜೂನ್ ತಿಂಗಳಲ್ಲಿ ಪಕ್ಷಾಂತರ ನಿಷೇಧದ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಕಾರ್ಯಕ್ಕಾಗಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿಗೆ ಬಂದಿದ್ದರು. ತುರ್ತುಪರಿಸ್ಥಿತಿ ಜಾರಿಗೆ ಬಂದಿತು; ೨೬ರಂದು ಅವರು ಬಂದಿಗಳಾದರು. ಶಾಸನವನ್ನು ಪರಿಶೀಲಿಸಲು ಬಂದವರನ್ನು ಸೆರೆಮನೆಯೇ ಬರಮಾಡಿಕೊಂಡಿತು. ಮರುವರ್ಷ ಅದೇ ಊರಿನ ಸೆರೆಮನೆಯಲ್ಲಿ, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾಡಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿಯವರು ಎಂಟು ತಿಂಗಳ ಕಾಲ ಉಬ್ಬಸದಿಂದ ನರಳಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿ ೨೦ರಂದು, ತೀರಿಕೊಂಡರು. ಅವರ ಪರವಾಗಿ ಸಭೆಯಲ್ಲಿ ಕೇಳಬೇಕಾಗಿದ್ದವರಲ್ಲಿ ಅನೇಕರು ತಾವೇ ಕಂಬಿಯ ಹಿಂದಿದ್ದರು.

ಆ ಪಾಠದಿಂದ ಸ್ವಲ್ಪ ಕಲಿತೆವು. ಜೀವದ ಹಾಗೂ ವ್ಯಕ್ತಿಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸಲಾಗದೆಂದು ೧೯೭೮ರ ಸಂವಿಧಾನ ತಿದ್ದುಪಡಿ ವಿಧಿಸಿತು. ಆದರೆ ಬಂದಿಯ ಮೈಮೇಲಿನ ಪೆಟ್ಟಿನ ವಿಚಾರದಲ್ಲಿ ನಮ್ಮ ನಡಿಗೆ ನಿಧಾನವಾಗಿದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ೧೯೯೭ರಲ್ಲಿ ಸಹಿ ಹಾಕಿದರೂ ಅದನ್ನು ಇನ್ನೂ ಅನುಮೋದಿಸಿಲ್ಲ. ೨೦೧೦ರಲ್ಲಿ ಲೋಕಸಭೆ ಒಂದು ಮಸೂದೆಯನ್ನು ಅಂಗೀಕರಿಸಿತು. ಅದರಲ್ಲಿ ದೂರು ಕೊಡಲು ಆರೇ ತಿಂಗಳ ಅವಧಿ. ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಸಮಿತಿ ಬಿಗಿಯಾದ ತಿದ್ದುಪಡಿಗಳನ್ನು ಸೂಚಿಸಿತು. ಶಾಸಕಾಂಗದ ಮೇಲ್ವಿಚಾರಣೆ ಎಂದರೆ ಇದೇ. ಆದರೆ ೨೦೧೪ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಮಸೂದೆಯೂ ಅಳಿಯಿತು. ೨೦೧೭ರಲ್ಲಿ ಕಾನೂನು ಆಯೋಗ ತನ್ನ ೨೭೩ನೆಯ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು.

ಕಳ್ಳನಿಗೂ ಕೊಲೆಗಾರನಿಗೂ ಇಷ್ಟು ಮರುಕವೇಕೆ ಎಂದು ಕೇಳುವವರುಂಟು. ಮನೆ ಕಳವಾದವನ ಸಂಕಟ ಸುಳ್ಳಲ್ಲ. ಆದರೆ ವಿಚಾರಣೆ ಮುಗಿಯುವವರೆಗೆ ಯಾವನು ಕಳ್ಳನೆಂಬುದನ್ನು ಲಾಠಿ ನಿರ್ಣಯಿಸಲಾರದು. ಅಪರಾಧ ಸ್ಥಿರವಾದ ಮೇಲೂ ಶಿಕ್ಷೆಯನ್ನು ಕೊಡುವುದು ನ್ಯಾಯಾಲಯ, ಠಾಣೆಯಲ್ಲ. ಒಳ್ಳೆಯ ಅಧಿಕಾರಿಗಳು ಅನೇಕರಿದ್ದಾರೆ. ಅವರ ಒಳ್ಳೆಯತನವೊಂದನ್ನೇ ನಂಬಿ ಬಾಗಿಲು ಮುಚ್ಚಿಬಿಡುವುದು ಮಾತ್ರ ವಿವೇಕವಲ್ಲ.

ದೆಹಲಿಯ ಕಾನೂನಿಗಾಗಿ ನಾವು ಕಾದು ಕುಳಿತಿರಬೇಕಾಗಿಲ್ಲ. ಪೊಲೀಸು ಮತ್ತು ಕಾರಾಗೃಹಗಳು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯಗಳು. ರಾಜ್ಯ ಮಾನವ ಹಕ್ಕುಗಳ ಆಯೋಗದ ವರದಿಯನ್ನು, ಅದರ ಮೇಲೆ ಕೈಗೊಂಡ ಕ್ರಮದ ವಿವರವನ್ನು, ಶಿಫಾರಸುಗಳನ್ನು ಒಪ್ಪದಿದ್ದರೆ ಅದರ ಕಾರಣವನ್ನು ಸರ್ಕಾರ ಶಾಸಕಾಂಗದ ಮುಂದಿಡಬೇಕೆಂದು ೧೯೯೩ರ ಕಾಯಿದೆ ಹೇಳುತ್ತದೆ. ಮುಂದಿಟ್ಟ ಕಾಗದ ತಾನಾಗಿ ಮಾತನಾಡದು. ಅದನ್ನು ಓದಿ ಎದ್ದು ನಿಂತು ಕೇಳುವ ಸದಸ್ಯರು ಬೇಕು. ಅಫಜಲಪುರ, ಆಳಂದ, ಜೇವರ್ಗಿಗಳ ಮತದಾರರು ರಸ್ತೆ, ನೀರು ಕೇಳುವಂತೆಯೇ ತಮ್ಮ ಪ್ರತಿನಿಧಿಗಳನ್ನು ಕೇಳಲಿ: ಈ ವರ್ಷ ಆ ವರದಿಯನ್ನು ಓದಿದಿರಾ? ಅದರ ಮೇಲೆ ಏನು ಪ್ರಶ್ನೆ ಎತ್ತಿದಿರಿ?

ಸೆರೆಮನೆಯ ಬಾಗಿಲು ಯಾರಿಗೆ ಎಂದು ತೆರೆದೀತೆಂದು ಹೇಳಲಾಗದು. ಸಭೆಗೆ ಬಂದ ಸದಸ್ಯರಿಗೂ ಅದು ಒಮ್ಮೆ ತೆರೆದಿತ್ತು. ಒಳಗಿರುವವನ ಪರವಾಗಿ ಕೇಳುವ ಪದ್ಧತಿಯನ್ನು ಹೊರಗಿರುವಾಗಲೇ ಬೆಳೆಸಬೇಕು.