ಹೆಸರಿಲ್ಲದ ಉತ್ತರ

ಶಾಲೆಯಲ್ಲಿ ಪ್ರಶ್ನಾವಳಿ ಹಂಚಿ, ‘ತಂಬಾಕು ಮುಟ್ಟಿದ್ದುಂಟೇ? ಮನಸ್ಸಿಗೆ ಆತಂಕವೇ?’ ಎಂದು ವಿಚಾರಿಸಿದರೆ ಕೆಲವು ತಾಯ್ತಂದೆಯರಿಗೆ ಮುನಿಸು: ‘ನಮ್ಮ ಮಕ್ಕಳಿಗೇಕೆ ಇಂಥ ಪ್ರಶ್ನೆ?’

ಏಕೆಂಬುದಕ್ಕೆ ಲೆಕ್ಕವಿದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2019ರಲ್ಲಿ ದೇಶದ ಶಾಲೆಗಳಲ್ಲಿ ಸಮೀಕ್ಷೆ ನಡೆಸಿದಾಗ, 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇಕಡ 8.5 ಮಂದಿ ತಂಬಾಕು ಬಳಸುತ್ತಿದ್ದರು. 2022ರಲ್ಲಿ ಎನ್‌.ಸಿ.ಇ.ಆರ್‌.ಟಿ. ಸಂಸ್ಥೆ 6ರಿಂದ 12ನೆಯ ತರಗತಿಯ 3,79,842 ಮಕ್ಕಳನ್ನು ವಿಚಾರಿಸಿತು. ಓದು, ಪರೀಕ್ಷೆ, ಫಲಿತಾಂಶಗಳೇ ತಮ್ಮ ಆತಂಕಕ್ಕೆ ಕಾರಣವೆಂದವರು ಶೇಕಡ 81!

ಮಕ್ಕಳು ಇಷ್ಟು ಬಾಯಿಬಿಟ್ಟುದು ಹೇಗೆ? ಮೊದಲನೆಯದರಲ್ಲಿ ಹೆಸರೇ ಬೇಕಿರಲಿಲ್ಲ. ಎರಡನೆಯದರಲ್ಲಿ ಬರೆಯಲೇಬೇಕೆಂಬ ಕಟ್ಟಳೆ ಇರಲಿಲ್ಲ. ಭಯವಿಲ್ಲದೆಡೆ ನಿಜ ಹೊರಬೀಳುತ್ತದೆ.

ಆದುದರಿಂದ, ಸೋದರ ಸೋದರಿಯರೇ, ಮಗು ಪ್ರಶ್ನಾವಳಿ ತುಂಬಿ ಬಂದ ದಿನ ‘ಏನು ಬರೆದೆ?’ ಎಂದು ಪೀಡಿಸದಿರಿ. ಗುಟ್ಟು ಕಾಯುವೆವೆಂದು ಹಿರಿಯರು ಕೊಟ್ಟ ಮಾತು ಒಮ್ಮೆ ಮುರಿದರೆ ಮತ್ತೆ ನಿಜ ಸಿಕ್ಕುವುದು ಕಷ್ಟ.

ಊರು ಬಿಟ್ಟು ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಡಿಲಿಲ್ಲ, ಸೋದರಮಾವ ಹತ್ತಿರವಿಲ್ಲ. ಮಗುವಿಗೆ ಗುಟ್ಟು ಹೇಳಿಕೊಳ್ಳಲು ನಾವೇ ಗತಿ. ಅದು ತಾನಾಗಿ ಬಂದು ಹೇಳಿದ ದಿನ ಬೈಗುಳ ಬದಿಗಿಟ್ಟು ಪೂರ್ತಿ ಕೇಳೋಣ. ಬೇಕೆನಿಸಿದರೆ ವೈದ್ಯರಲ್ಲಿಗೆ ಜೊತೆಯಾಗಿ ಹೋಗೋಣ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಅಳಲು ತೋಡಿಕೊಳ್ಳಲು ತಾಯ್ನುಡಿಯೇ ಮೇಲಲ್ಲವೇ?